ಹಾಡಿನ ಮೇಲೆ ಮಾತು: ಕಲಾವಿದರ ಸಾಕ್ಷ್ಯಚಿತ್ರಗಳು ಮತ್ತು ಎರಡು ಭಾಷೆಯ ನೆಲ

ಕೆಲವು ವರ್ಷಗಳ ಹಿಂದೆ, ಸಂಶೋಧನೆಯ ಕ್ಷೇತ್ರಕಾರ್ಯದ ದಿನಗಳಲ್ಲಿ, ಕಲ್ಯಾಣದುರ್ಗದಿಂದ ಕಂಬದೂರಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ನಾನು ಒಂದು ದೂರದರ್ಶನ ವಾಹಿನಿಯ ತಂಡದೊಂದಿಗೆ ದುಭಾಷಿಯಾಗಿ ಹೋಗಿದ್ದೆ. ವಾಹಿನಿಯ ಹೆಸರು ಇಲ್ಲಿ ಅನಗತ್ಯ. ಜನಪದ ಕಲಾವಿದರನ್ನು ಕುರಿತ ಸರಣಿಯೊಂದಕ್ಕೆ ಅವರು ಎಂಬತ್ತು ದಾಟಿದ ಹಾಡುಗಾರ್ತಿಯೊಬ್ಬರನ್ನು ಚಿತ್ರೀಕರಿಸಬೇಕಾಗಿತ್ತು. ಊರಿನವರೆಲ್ಲ ಅವರನ್ನು 'ಅವ್ವ' ಎನ್ನುತ್ತಿದ್ದರು. ಇದು ಕನ್ನಡದ ಅವ್ವನೋ ತೆಲುಗಿನ ಅವ್ವನೋ, ಅಂದರೆ ತಾಯಿಯೋ ಅಜ್ಜಿಯೋ ಎಂದು ಕೇಳುವ ಪ್ರಮೇಯ ಆ ಊರಿನಲ್ಲಿ ಬರುವುದಿಲ್ಲ. ಸೋಬಾನೆ, ಬೀಸುವ ಪದ, ಏಕಾದಶಿಯ ಭಜನೆಯಲ್ಲಿ ಕೈವಾರದ ತಾತಯ್ಯನವರ ತತ್ವಪದ, ಎಲ್ಲವೂ ಅವರ ಬಾಯಲ್ಲಿದ್ದವು. ಮದುವೆಯ ಹಾಡುಗಳಲ್ಲಿ ಅವರದೊಂದು ಖಚಿತವಾದ ಕ್ರಮವಿತ್ತು. ಹಸೆಗೆ ಕರೆಯುವ ಹಾಡು ಕನ್ನಡದಲ್ಲಿ. ಹೆಣ್ಣೊಪ್ಪಿಸುವ ಹಾಡು, ಅಂದರೆ ಅಪ್ಪಗಿಂತಲು, ತೆಲುಗಿನಲ್ಲಿ. ಕಾರಣ ಕೇಳಿದಾಗ ಅವರು ಕೊಟ್ಟ ಉತ್ತರ ಸರಳವಾಗಿತ್ತು: 'ಹಸೆ ನಮ್ಮಮ್ಮಂದು, ಪಾವಗಡದ ಕಡೇದು. ಒಪ್ಪಿಸೋದು ನಮ್ಮತ್ತೇದು.' ತವರಿನ ಭಾಷೆಯಲ್ಲಿ ಕರೆದು ಅತ್ತೆಮನೆಯ ಭಾಷೆಯಲ್ಲಿ ಕಳುಹಿಸುವ ಈ ಕ್ರಮವನ್ನು ಯಾವ ಸಿದ್ಧಾಂತಿಯೂ ಇಷ್ಟು ಚೊಕ್ಕವಾಗಿ ಹೇಳಲಾರ.

ಪ್ರಸಾರವಾದ ಭಾಗದ ಒಟ್ಟು ಅವಧಿ ಐದಾರು ನಿಮಿಷ. ಅದರಲ್ಲಿ ಸುಕ್ಕುಗಟ್ಟಿದ ಕೈ, ಮೊರ, ಒಲೆಯ ಹೊಗೆ, ಸಂಜೆಯ ಬೆಳಕಿನಲ್ಲಿ ಮುಖ ಎಲ್ಲವೂ ಇದ್ದವು. ಹಾಡು ಮೊದಲಾದ ಒಂದೆರಡು ಉಸಿರಿಗೆ ನಿರೂಪಕರ ಧ್ವನಿ ಅದರ ಮೇಲೆ ಬಂದು ಕುಳಿತಿತು. ಕಲೆ ಅಳಿಯುತ್ತಿದೆ, ಕೇಳುವವರಿಲ್ಲ, ಮುಂದಿನ ಪೀಳಿಗೆಗೆ ಇದು ದಕ್ಕೀತೇ ಎಂಬ ಅರ್ಥದ ಮಾತುಗಳು. ಅವ್ವ ತೀರಿಕೊಂಡ ಮೇಲೆ ಅವರ ಮೊಮ್ಮಗ ಆ ತುಣುಕನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಅಜ್ಜಿಯ ಹಾಡು ಕೇಳಬೇಕೆನಿಸಿದಾಗ ಅವನಿಗೆ ಕೇಳಿಸುವುದು ಹಾಡು ಸಾಯುತ್ತಿದೆ ಎಂಬ ಬೇರೊಬ್ಬರ ಮಾತು.

ಪ್ರಸ್ತುತ ಲೇಖನ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಕಲಾವಿದರನ್ನು ಕುರಿತ ಸಾಕ್ಷ್ಯಚಿತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾವು ಸಾಮಾನ್ಯವಾಗಿ ಚಿತ್ರದ ವಸ್ತುವನ್ನು, ಅಂದರೆ ಕಲಾವಿದರ ಬದುಕನ್ನು, ಮತ್ತೊಮ್ಮೆ ಸಂಗ್ರಹಿಸಿ ಹೇಳಿ ಮುಗಿಸುತ್ತೇವೆ. ಚಿತ್ರವು ಯಾವ ಭಾಷೆಯಲ್ಲಿ ಕೇಳಿತು, ಯಾವ ಭಾಷೆಯಲ್ಲಿ ಕೇಳಿಸಿತು, ಕಲೆಯ ಮೇಲೆ ಎಷ್ಟು ಮಾತು ಹೇರಿತು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಒಂದೇ ಭಾಷೆಯ ನೆಲದಲ್ಲಿ ಇವು ಕೇವಲ ತಾಂತ್ರಿಕ ಪ್ರಶ್ನೆಗಳೆಂದು ತೋರಬಹುದು. ಗಡಿಯಲ್ಲಿ ಹಾಗಲ್ಲ.

ಮೊದಲು ಒಂದು ಒಳ್ಳೆಯ ಉದಾಹರಣೆ. ಸತ್ಯಜಿತ್ ರಾಯ್ ಅವರು ನೃತ್ಯಗಾರ್ತಿ ಬಾಲಸರಸ್ವತಿಯವರನ್ನು ಕುರಿತು 1976ರಲ್ಲಿ ಮಾಡಿದ 'ಬಾಲಾ' ಚಿತ್ರ ಸುಮಾರು ಅರ್ಧ ಗಂಟೆಯದು. 1935ರಲ್ಲಿ, ತಾವು ಹದಿಹರೆಯದವರಾಗಿದ್ದಾಗ, ರಾಯ್ ಈ ಕಲಾವಿದೆಯ ನೃತ್ಯವನ್ನು ಕಲ್ಕತ್ತೆಯಲ್ಲಿ ನೋಡಿದ್ದರು. ಚಿತ್ರ ಮಾಡುವ ಹೊತ್ತಿಗೆ ಬಾಲಸರಸ್ವತಿಯವರಿಗೆ ಐವತ್ತೆಂಟು. ಸಮುದ್ರತೀರದಲ್ಲಿ ಅವರು 'ಕೃಷ್ಣಾ ನೀ ಬೇಗನೆ ಬಾರೋ' ಎಂಬ ವ್ಯಾಸರಾಯರ ಪದಕ್ಕೆ ಅಭಿನಯಿಸುವ ಭಾಗ ಈ ಚಿತ್ರದಲ್ಲಿ ಪ್ರಸಿದ್ಧ. ಗಾಳಿಗೆ ಸೀರೆಯ ಸೆರಗು ಹಾರಾಡುತ್ತದೆ, ಅಭಿನಯದ ಸೂಕ್ಷ್ಮಗಳನ್ನು ಗಾಳಿ ಕದಡುತ್ತದೆ ಎಂದು ಆಕ್ಷೇಪಿಸಿದವರಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಬಂಗಾಳಿ ನಿರ್ದೇಶಕ, ತಮಿಳು ಕಲಾವಿದೆ, ಇಂಗ್ಲಿಷ್ ನಿರೂಪಣೆ, ಕನ್ನಡದ ಪದ. ನಾಲ್ಕು ಭಾಷೆಗಳು ಒಂದೆಡೆ ಸೇರಿದಾಗಲೂ ಪದವನ್ನು ಪದವಾಗಿಯೇ ಉಳಿಸುವ ವಿವೇಕ ಚಿತ್ರಕ್ಕಿದೆ. ನಿರೂಪಣೆಯ ಧ್ವನಿ ರಾಯ್ ಅವರದೇ. ಎಲ್ಲಿ ಮಾತನಾಡಬೇಕು ಎಂಬುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಕೊನೆಯಲ್ಲಿ ವರ್ಣದ ದೀರ್ಘ ಭಾಗವನ್ನು ಅವರು ಕಲಾವಿದೆಗೇ ಬಿಟ್ಟುಕೊಡುತ್ತಾರೆ. ಬದುಕಿನ ವಿವರ ಮೊದಲು ಬಂದು ಮುಗಿದುಹೋಗುತ್ತದೆ, ಉಳಿಯುವುದು ನೃತ್ಯ.

ನಮ್ಮ ದೂರದರ್ಶನದ ರೂಢಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಕಲೆ ಬದುಕಿಗೆ ಹಿನ್ನೆಲೆ ಸಂಗೀತ. ಬಡತನ, ಗುರುವಿನ ಕೋಪ, ಒಂದು ತಿರುವು, ಪ್ರಶಸ್ತಿ, ಈಗಿನ ನಿರ್ಲಕ್ಷ್ಯ: ಈ ಕಥಾಸರಣಿಗೆ ಯಾವ ಕಲಾವಿದರನ್ನು ತಂದು ಕೂಡಿಸಿದರೂ ಕೂರುತ್ತಾರೆ. ಖಾಸಗಿ ವಾಹಿನಿಗಳು ಬಂದ ಮೇಲೆ ಇದಕ್ಕೆ ಕಣ್ಣೀರು ಸೇರಿತು. ಜೀ ಕನ್ನಡದಲ್ಲಿ 2014ರಲ್ಲಿ ಆರಂಭವಾದ 'ವೀಕೆಂಡ್ ವಿತ್ ರಮೇಶ್' ಸಾಕ್ಷ್ಯಚಿತ್ರವಲ್ಲ, ಆದರೂ ಕನ್ನಡಿಗರ ಮನೆಗಳಲ್ಲಿ ಕಲಾವಿದರ ಬದುಕು ಎಂದರೇನು ಎಂಬ ಕಲ್ಪನೆಯನ್ನು ಯಾವ ಸಾಕ್ಷ್ಯಚಿತ್ರಕ್ಕಿಂತಲೂ ಹೆಚ್ಚಾಗಿ ರೂಪಿಸಿದ್ದು ಅದು. ಸಾಧಕರ ಸೀಟಿನಲ್ಲಿ ಕುಳಿತವರ ಮುಂದೆ ಹಳೆಯ ಮೇಷ್ಟರು, ಬಾಲ್ಯದ ಗೆಳೆಯರು, ಒಡಹುಟ್ಟಿದವರು ಒಬ್ಬೊಬ್ಬರಾಗಿ ಬರುತ್ತಾರೆ. ವಿದ್ವಾಂಸರು ಈ ಕಾರ್ಯಕ್ರಮವನ್ನು ಸುಲಭವಾಗಿ ತಳ್ಳಿಹಾಕುವುದನ್ನು ಕಂಡಿದ್ದೇನೆ. ನಾನು ಹಾಗೆ ಮಾಡಲಾರೆ. ಹೀಗೆ ಬಂದವರು ತಮ್ಮ ತಮ್ಮ ಸೀಮೆಯ ಕನ್ನಡವನ್ನು ತಿದ್ದಿಕೊಳ್ಳದೆ ಆಡುತ್ತಾರೆ, ಅವರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಂದು ಕೂರುವುದಿಲ್ಲ. ಗಂಭೀರವೆನಿಸಿಕೊಂಡ ಎಷ್ಟೋ ಸಾಕ್ಷ್ಯಚಿತ್ರಗಳು ತೋರಿಸದ ಸೌಜನ್ಯ ಇದು. ಕೊರತೆಯಿರುವುದು ಬೇರೆಡೆ. ಅಲ್ಲಿ ಕೃತಿಯು ಬದುಕು ಗೆದ್ದಿತು ಎಂಬುದಕ್ಕೆ ಪುರಾವೆಯಾಗಿ ಮಾತ್ರ ಬರುತ್ತದೆ. ಹಾಡು ಹೇಗೆ ಹಾಡಾಯಿತು ಎಂಬ ಪ್ರಶ್ನೆಗೆ ಅಲ್ಲಿ ಕುರ್ಚಿಯಿಲ್ಲ.

ರಾಷ್ಟ್ರಮಟ್ಟದ ಚಿತ್ರಗಳಿಗೆ ಬಂದರೆ ಭಾಷೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ ಕಲಾವಿದರ ಚಿತ್ರಗಳ ದೊಡ್ಡ ಭಂಡಾರವನ್ನೇ ಕಟ್ಟಿತು. ದೂರದರ್ಶನದ ಮೂಲಕವೇ ಅವು ನಮ್ಮ ತಲೆಮಾರಿನವರ ಕಣ್ಣಿಗೆ ಬಿದ್ದದ್ದು. ಅದಕ್ಕಾಗಿ ಗುಲ್ಜಾರ್ ಅವರು ಮಾಡಿದ ಪಂಡಿತ್ ಭೀಮಸೇನ ಜೋಶಿಯವರ ಚಿತ್ರವನ್ನು ನೆನೆಯಬಹುದು. ಭೀಮಸೇನರು ಗದಗ ಸೀಮೆಯವರು. ತಂದೆ ಗುರುರಾಜ ಜೋಶಿಯವರು ಕನ್ನಡ–ಇಂಗ್ಲಿಷ್ ನಿಘಂಟುಕಾರರೆಂದು ಹೆಸರಾದವರು. ಗುರು ಕುಂದಗೋಳದ ಸವಾಯಿ ಗಂಧರ್ವರು. ಮನೆ ಬಿಟ್ಟು ಓಡಿಹೋದದ್ದು, ರೈಲಿನಲ್ಲಿ ಹಾಡುತ್ತ ಉತ್ತರಕ್ಕೆ ಸಾಗಿದ್ದು, ಕೊನೆಗೆ ಗುರು ಸಿಕ್ಕಿದ್ದು ಮನೆಯ ಮಗ್ಗುಲಲ್ಲಿಯೇ ಎಂಬ ಕಥೆ ಎಲ್ಲರಿಗೂ ಗೊತ್ತು. ಈ ಕಥೆಯನ್ನು ಹಿಂದಿಯಲ್ಲಿ ಹೇಳುವಾಗ ಉತ್ತರದ ಊರುಗಳು ಸಹಜವಾಗಿಯೇ ಉಬ್ಬಿ ನಿಲ್ಲುತ್ತವೆ, ಕುಂದಗೋಳ ಮರಳಿ ಬರುವ ಸ್ಥಳವಾಗಿ ಸಣ್ಣದಾಗುತ್ತದೆ. ಭೀಮಸೇನರು ಕನ್ನಡದಲ್ಲಿ ನೆನೆಯುವ ಸಂಗತಿಗಳು ಬೇರೆಯಾಗಿರುತ್ತಿದ್ದವು ಎಂಬುದು ನನ್ನ ಊಹೆ. ದಾಸರ ಪದಗಳನ್ನು ಅವರು ಹಾಡುವ ರೀತಿಯನ್ನು ಕೇಳಿದವರಿಗೆ ಈ ಊಹೆ ಅತಿಯೆನಿಸಲಾರದು. ನೆನಪಿಗೂ ಭಾಷೆಯಿದೆ. ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತೇವೋ ಆ ಭಾಷೆಯ ಓಣಿಗಳಲ್ಲಿಯೇ ಉತ್ತರ ಓಡಾಡುತ್ತದೆ.

ಮಲ್ಲಿಕಾರ್ಜುನ ಮನಸೂರರನ್ನು ಕುರಿತು ನಂದನ್ ಕುಡ್ಯಾಡಿಯವರು ಮಾಡಿದ 'ರಸಯಾತ್ರಾ' ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಅದರ ಹೆಸರು ಮನಸೂರರ ಕನ್ನಡ ಆತ್ಮಕಥನ 'ನನ್ನ ರಸಯಾತ್ರೆ'ಯನ್ನು ನೆನಪಿಗೆ ತರುತ್ತದೆ. ಸಂಗೀತಗಾರರೊಬ್ಬರು ತಾವೇ ತಮ್ಮ ಭಾಷೆಯಲ್ಲಿ ಬದುಕನ್ನು ಬರೆದಿಟ್ಟಿದ್ದರೆ ಆಮೇಲೆ ಬರುವ ಚಿತ್ರಕಾರರಿಗೆ ಒಂದು ಲಗಾಮು ಇರುತ್ತದೆ. ಬರೆದಿಡದ ಕಲಾವಿದರಿಗೆ ಈ ರಕ್ಷಣೆಯಿಲ್ಲ. ಗಡಿನಾಡಿನ ಬಹುಪಾಲು ಕಲಾವಿದರು ಈ ಎರಡನೆಯ ವರ್ಗದವರು.

ಇನ್ನು ಗಿರೀಶ ಕಾರ್ನಾಡರು. 1972ರ ಸುಮಾರಿಗೆ ಅವರು ಬೇಂದ್ರೆಯವರನ್ನು ಕುರಿತು ಮಾಡಿದ ಚಿತ್ರ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಂದಿಗೂ ಅಮೂಲ್ಯ, ಏಕೆಂದರೆ ಅದರಲ್ಲಿ ಬೇಂದ್ರೆಯವರು ಸ್ವತಃ ಇದ್ದಾರೆ. ಮನೆಮಾತು ಕೊಂಕಣಿಯಾದ ಕನ್ನಡ ನಾಟಕಕಾರ, ಮನೆಮಾತು ಮರಾಠಿಯಾದ ಕನ್ನಡ ಕವಿಯ ಮುಂದೆ ಕ್ಯಾಮೆರಾ ಇಟ್ಟಿದ್ದಾರೆ. ತೌಲನಿಕ ಸಾಹಿತ್ಯದ ತರಗತಿಯಲ್ಲಿ ದ್ವಿಭಾಷಿಕತೆಯೆಂಬ ಪದವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಬೇಂದ್ರೆಯವರು ಮರಾಠಿಯಲ್ಲಿಯೂ ಬರೆದವರು. ಆದರೂ ಕರ್ನಾಟಕದ ಸಾರ್ವಜನಿಕ ಸ್ಮರಣೆಯಲ್ಲಿ ಅವರ ಮರಾಠಿ ಒಂದು ಸ್ವಾರಸ್ಯಕರ ಅಡಿಟಿಪ್ಪಣಿಯಾಗಿದೆ. ಕನ್ನಡಕ್ಕಾಗಿ ಮರಾಠಿಯನ್ನು ದಾಟಿ ಬಂದವರು ಎಂಬಂತೆ ನಾವು ಹೇಳುತ್ತೇವೆ, ಎರಡರ ನಡುವೆ ಕುಳಿತೇ ಬರೆದವರು ಎನ್ನುವುದಿಲ್ಲ. ಕಾರ್ನಾಡರೇ 1988ರಲ್ಲಿ ಮಾಡಿದ 'ಕನಕ ಪುರಂದರ' ಇನ್ನೊಂದು ಬಗೆಯ ಕಷ್ಟವನ್ನು ಎದುರಿಸಿತು. ಐದು ಶತಮಾನಗಳ ಹಿಂದಿನ ಹಾಡುಗಾರರ ಧ್ವನಿಯನ್ನು ಯಾವ ಚಿತ್ರಕಾರರೂ ತರಲಾರರು. ಸಾಹಿತ್ಯ ಉಳಿದಿದೆ, ಅವರ ಬಾಯಿಂದ ಬಂದ ಧಾಟಿ ಉಳಿದಿಲ್ಲ. ಇಲ್ಲದ ಧ್ವನಿಯನ್ನು ಇಂದಿನ ಹಾಡಿಕೆಯಲ್ಲಿ ಹುಡುಕಬೇಕು. ಈ ಮಾತಿಗೆ ಮುಂದೆ ಮರಳುತ್ತೇನೆ, ಏಕೆಂದರೆ ಕಂಬದೂರಿನ ದೊಡ್ಡ ಹೆಸರಿಗೆ ಇದರೊಂದಿಗೆ ಸಂಬಂಧವಿದೆ.

ಅದಕ್ಕೆ ಮುನ್ನ ನಿಮ್ಮಲಕುಂಟದ ಮಾತು. ಧರ್ಮವರಂ ಬಳಿಯ ಈ ಹಳ್ಳಿ ತೊಗಲುಬೊಂಬೆಗಳಿಗೆ ಹೆಸರಾದದ್ದು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಗಡಿಯ ಈಚೆ, ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಬಂತು. ಎರಡೂ ಸಂದರ್ಭಗಳಲ್ಲಿ ವಾಹಿನಿಗಳು ತಮ್ಮ ತಮ್ಮ ರಾಜ್ಯದ ಹೆಮ್ಮೆಯ ಕಲೆ ಎಂದು ಸಂಭ್ರಮಿಸಿದವು. ಸಂಭ್ರಮ ನ್ಯಾಯವೇ. ಆದರೆ ಅಲ್ಲಿ ತೋಲುಬೊಮ್ಮಲಾಟ, ಇಲ್ಲಿ ತೊಗಲುಗೊಂಬೆಯಾಟ ಎನಿಸಿಕೊಳ್ಳುವ ಈ ಕಲೆಯನ್ನು ನಡೆಸಿಕೊಂಡು ಬಂದ ಸಮುದಾಯಗಳ ಮನೆಮಾತು ಮರಾಠಿಯ ಒಂದು ಪ್ರಭೇದ. ಮನೆಯೊಳಗೆ ಅದು, ಪರದೆಯ ಮೇಲೆ ಊರಿನ ಭಾಷೆ. ಆಟ ತೆಲುಗು ಊರಿಗೆ ಹೋದರೆ ತೆಲುಗು, ಕನ್ನಡ ಊರಿಗೆ ಹೋದರೆ ಕನ್ನಡ. ರಾಮನೂ ಭೀಮನೂ ಭಾಷೆ ಬದಲಿಸಿಕೊಂಡಾಗಲೂ ಹಾಸ್ಯದ ಬಂಗಾರಕ್ಕ ಎರಡೂ ಕಡೆ ಬಂಗಾರಕ್ಕನೇ. ರಾಜ್ಯಗಳ ಗಡಿಯನ್ನು ಅವಳಿಗೆ ಯಾರೂ ಹೇಳಿಲ್ಲ.

ಈ ಕಲೆಯನ್ನು ಕುರಿತ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಒಂದು ಸಾಮಾನ್ಯ ಚಲನೆ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಪರದೆಯ ಹಿಂದಕ್ಕೆ ಹೋಗುತ್ತದೆ. ಮೇಕೆಯ ಚರ್ಮವನ್ನು ಹದ ಮಾಡಿ ಬೆಳಕು ಹಾಯುವಷ್ಟು ತೆಳುಗೊಳಿಸುವುದು, ತೂತು ಕೊರೆಯುವುದು, ಬಣ್ಣ ತುಂಬುವುದು, ಬಳಿಕ ದೀಪದ ಮುಂದೆ ಬೆವರುವ ಕೈಗಳು. ಇವೆಲ್ಲ ನೋಡತಕ್ಕವೇ. ಆದರೆ ತೊಗಲುಬೊಂಬೆಯಾಟ ಎಂಬುದು ಕಲಾವಿದರು ಮರೆಯಾಗುವುದರಿಂದಲೇ ನಡೆಯುವ ಕಲೆ. ಇರುಳಿಡೀ ಊರು ನೋಡುವುದು ಪರದೆಯ ಮುಂಭಾಗವನ್ನು. ಬಣ್ಣದ ನೆರಳು ಒಮ್ಮೆ ಪರದೆಗೆ ಅಂಟಿ ಸ್ಪಷ್ಟವಾಗುತ್ತದೆ, ಒಮ್ಮೆ ಹಿಂದೆ ಸರಿದು ಮಸುಕಾಗುತ್ತದೆ. ಆ ಉಸಿರಾಟವೇ ಅದರ ಅಭಿನಯ. ಚಿತ್ರಕಾರರಿಗೆ ಈ ಮುಂಭಾಗ ಬೇಸರ ತರಿಸುತ್ತದೆ. ಅವರಿಗೆ ಬೇಕಾದುದು ಕಲಾವಿದರ ಮುಖ. ಮುಖವಿಲ್ಲದೆ ಸಂದರ್ಶನವಿಲ್ಲ, ಸಂದರ್ಶನವಿಲ್ಲದೆ ಸಂಕಟವಿಲ್ಲ. ಹೀಗಾಗಿ ಆಟವನ್ನು ಕುರಿತ ಚಿತ್ರದಲ್ಲಿ ಆಟವೊಂದನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತದೆ. ಕಲಾವಿದರು ಮಾತನಾಡುವಾಗ ಸಹ ವಾಹಿನಿಯ ಭಾಷೆಯಲ್ಲಿಯೇ ಮಾತನಾಡಬೇಕು. ಮನೆಯ ಹಿರಿಯರು ಮಕ್ಕಳಿಗೆ ಬೊಂಬೆಯ ಕಡ್ಡಿ ಹಿಡಿಯುವುದನ್ನು ಯಾವ ಮಾತಿನಲ್ಲಿ ಕಲಿಸುತ್ತಾರೋ ಆ ಮಾತು ಒಮ್ಮೆಯೂ ಕೇಳಿಬರುವುದಿಲ್ಲ. ಕಲಿಕೆ ನಡೆಯುವ ಭಾಷೆಯೇ ಚಿತ್ರದಲ್ಲಿ ಇಲ್ಲವೆಂದ ಮೇಲೆ ಪರಂಪರೆ ಎಂಬ ಶಬ್ದವನ್ನು ಎಷ್ಟು ಸಲ ಉಚ್ಚರಿಸಿದರೇನು?

ಮಣಿ ಕೌಲ್ ಅವರ 'ಸಿದ್ಧೇಶ್ವರಿ' (1989) ಇಲ್ಲಿ ನೆನಪಾಗುತ್ತದೆ. ಬನಾರಸಿನ ಠುಮ್ರಿ ಗಾಯಕಿ ಸಿದ್ಧೇಶ್ವರಿ ದೇವಿಯವರು ಚಿತ್ರವಾಗುವ ಹೊತ್ತಿಗೆ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಮೀತಾ ವಸಿಷ್ಠ ಅವರ ಪಾತ್ರ ವಹಿಸಿದರು. ಬದುಕಿನ ಘಟನೆಗಳನ್ನು ಕ್ರಮವಾಗಿ ಹೇಳುವ ಗೋಜಿಗೇ ಹೋಗದ ಈ ಚಿತ್ರದ ಕೊನೆಯಲ್ಲಿ ನಟಿ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ನಿಜವಾದ ಸಿದ್ಧೇಶ್ವರಿಯವರು ಹಾಡುವುದನ್ನು ನೋಡುತ್ತಾರೆ. ಇಡೀ ಚಿತ್ರದ ಕಾವ್ಯಮಯ ಬಿಂಬಗಳಿಗಿಂತ, ಆ ಸಾಧಾರಣ ಮುದ್ರಣದ ಮುಂದೆ ನಟಿ ಸುಮ್ಮನೆ ಕುಳಿತ ಆ ಕ್ಷಣ ನನಗೆ ದೊಡ್ಡದೆನಿಸಿದೆ. ದೂರದರ್ಶನ ಮಾಡಬಹುದಾದ ಅತ್ಯುತ್ತಮ ಕೆಲಸ ಬಹುಶಃ ಅದೇ: ಕ್ಯಾಮೆರಾ ಒಂದೆಡೆ ಇಟ್ಟು ಪೂರ್ತಿ ಹಾಡಲು ಬಿಡುವುದು. ವ್ಯಾಖ್ಯಾನ ಮಾಡುವವರು ನಾಳೆ ಬರುತ್ತಾರೆ. ಹಾಡು ನಾಳೆ ಇರುವುದಿಲ್ಲ.

ಈಗ ರಾಳ್ಲಪಲ್ಲಿ. ಕಂಬದೂರು ಮಂಡಲದ ಒಂದು ಹಳ್ಳಿ ಅದು. ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ಅಲ್ಲಿ ಹುಟ್ಟಿದ್ದು 1893ರಲ್ಲಿ. ಮೈಸೂರಿಗೆ ಹೋಗಿ ಸಂಸ್ಕೃತ ಕಲಿತು, ಮಹಾರಾಜಾ ಕಾಲೇಜಿನಲ್ಲಿ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ತೆಲುಗು ಕಲಿಸಿದರು. ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. ಪಿಟೀಲು ಚೌಡಯ್ಯನವರೂ ಅದೇ ಗುರುವಿನ ಶಿಷ್ಯರು. ವೇಮನನನ್ನು ಕುರಿತ ಅವರ ಉಪನ್ಯಾಸಗಳು ತೆಲುಗು ವಿಮರ್ಶೆಯಲ್ಲಿ ಇಂದಿಗೂ ಗಣ್ಯ. 'ಗಾನಕಲೆ', 'ಸಾಹಿತ್ಯ ಮತ್ತು ಜೀವನಕಲೆ' ಎಂಬ ಪುಸ್ತಕಗಳನ್ನು ಬರೆದದ್ದು ಕನ್ನಡದಲ್ಲಿ. ಅರವತ್ತರ ಹತ್ತಿರ ಬಂದಾಗ, ಬಹುತೇಕರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ತಿರುಪತಿಗೆ ಹೋಗಿ ತಾಳ್ಳಪಾಕ ಅನ್ನಮಾಚಾರ್ಯರ ಸಂಕೀರ್ತನೆಗಳ ಕೆಲಸಕ್ಕೆ ಕುಳಿತರು. 1974ರಲ್ಲಿ ಸಂಗೀತ ಕಲಾನಿಧಿ. 1979ರಲ್ಲಿ ನಿಧನ.

ಹೀಗೆ ಒಂದು ಪ್ಯಾರಾದಲ್ಲಿ ಬರೆದಾಗ ಬದುಕು ಎಷ್ಟು ಸಲೀಸು! ವಾಹಿನಿಯೊಂದು ಇದನ್ನು ಅರ್ಧ ಗಂಟೆಗೆ ಸುಲಭವಾಗಿ ಹಿಗ್ಗಿಸಬಲ್ಲದು. ಕನ್ನಡದಲ್ಲಿ ಮಾಡಿದರೆ ಮೈಸೂರಿನ ಕಾಲೇಜು, ಅರಮನೆ, ಬಿಡಾರಂ ಕೃಷ್ಣಪ್ಪನವರ ರಾಮಮಂದಿರ. ತಿರುಪತಿ ಒಂದು ಇಳಿಹೊತ್ತಿನ ಅಧ್ಯಾಯ. ತೆಲುಗಿನಲ್ಲಿ ಮಾಡಿದರೆ ತಿರುಮಲದ ಬೆಟ್ಟ, ತಾಮ್ರಪತ್ರ, ಅನ್ನಮಯ್ಯ. ಮೈಸೂರು ಒಂದು ಉದ್ಯೋಗದ ವಿವರ. ಎರಡರಲ್ಲೂ ಸುಳ್ಳಿರುವುದಿಲ್ಲ. ಆದರೆ ಕಂಬದೂರಿನ ಕಡೆಯ ಒಬ್ಬ ಹುಡುಗನಿಗೆ ಮೈಸೂರು ಪರನಾಡಾಗಿರಲಿಲ್ಲ, ತಿರುಪತಿಯೂ ಆಗಿರಲಿಲ್ಲ ಎಂಬ ಸರಳ ಸತ್ಯ ಎರಡರಲ್ಲೂ ತಪ್ಪಿಹೋಗುತ್ತದೆ. ಅವರು ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲು, 1882ರವರೆಗೆ, ಈ ಸೀಮೆ ಬಳ್ಳಾರಿ ಜಿಲ್ಲೆಯ ಭಾಗ. ಬಳ್ಳಾರಿ ಮೈಸೂರಿಗೂ ರಾಯದುರ್ಗ, ಆಲೂರು, ಆದೋನಿಗಳು ಆಂಧ್ರಕ್ಕೂ ಸೇರಿ ನಕ್ಷೆ ಗಟ್ಟಿಯಾದದ್ದು 1953ರಲ್ಲಿ. ಆಗ ಶರ್ಮರಿಗೆ ಅರವತ್ತು. ಅವರ ಬದುಕಿನ ಬಹುಭಾಗವನ್ನು ಆಮೇಲೆ ಬಂದ ನಕ್ಷೆಯ ಮೇಲಿಟ್ಟು ಓದುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಕಂಬದೂರು, ಹೇಮಾವತಿಗಳ ಹಳೆಯ ಗುಡಿಗಳ ಕನ್ನಡ ಶಾಸನಗಳನ್ನು ಇಂದಿನ ಗಡಿಯಿಂದ ಅಳೆಯುವಷ್ಟೇ ದೊಡ್ಡ ಅನ್ಯಾಯ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಅವರ ಕೆಲಸದ ಸ್ವರೂಪದ್ದು. ತಿರುಮಲದಲ್ಲಿ ದೊರೆತ ತಾಮ್ರದ ರೇಕುಗಳಲ್ಲಿ ಸಂಕೀರ್ತನೆಯ ಸಾಹಿತ್ಯವಿದೆ, ರಾಗದ ಹೆಸರಿದೆ. ತಾಳವಿಲ್ಲ, ಸ್ವರವಿಲ್ಲ. ಅನ್ನಮಾಚಾರ್ಯರು (1408–1503) ಹೇಗೆ ಹಾಡಿದರೆಂಬುದು ರೇಕಿನೊಂದಿಗೆ ಬಂದಿಲ್ಲ. ಕೆಲವು ರಾಗಗಳ ಹೆಸರುಗಳೇ ಇಂದಿನ ಸಂಗೀತಗಾರರಿಗೆ ಅಪರಿಚಿತ. ಹೆಸರು ಉಳಿದ ರಾಗಗಳೂ ಐದು ಶತಮಾನಗಳಲ್ಲಿ ಚಹರೆ ಬದಲಿಸಿಕೊಂಡಿವೆ. ಇಂಥ ಸಾಹಿತ್ಯವನ್ನು ಮುಂದಿಟ್ಟುಕೊಂಡು ಶರ್ಮರು ನೂರಕ್ಕೂ ಹೆಚ್ಚು ರಚನೆಗಳಿಗೆ ಧಾಟಿ ಕಟ್ಟಿ ಸ್ವರಪಡಿಸಿದರು. ಪಂಕ್ತಿಯ ಗತಿ ತಾಳಕ್ಕೆ ಸೂಚನೆ ಕೊಡುತ್ತದೆ, ಪ್ರಾಸ ಬೀಳುವ ಜಾಗ ಎತ್ತುಗಡೆಗೆ ಸೂಚನೆ ಕೊಡುತ್ತದೆ, ಅರ್ಥ ನಿಲ್ಲುವ ಜಾಗದಲ್ಲಿ ರಾಗ ನಿಲ್ಲಬೇಕೋ ಬೇಡವೋ ಎಂಬುದನ್ನು ಹಾಡಿಯೇ ನೋಡಬೇಕು. ಭಾಷೆಯ ವಿದ್ವಾಂಸರಿಗೆ ಕಿವಿಯಿಲ್ಲದಿದ್ದರೆ, ಸಂಗೀತಗಾರರಿಗೆ ಛಂದಸ್ಸು ತಿಳಿಯದಿದ್ದರೆ ಈ ಕೆಲಸ ಸಾಗದು. ಇದು ಪುನರುದ್ಧಾರವೋ ಹೊಸ ಸೃಷ್ಟಿಯೋ? ಎರಡೂ ಹೌದು ಎಂಬುದು ನನ್ನ ಉತ್ತರ. ಆದ್ದರಿಂದಲೇ ಅದನ್ನು ಅನುವಾದವೆಂದು ಕರೆಯಲು ನನಗೆ ಮನಸ್ಸಾಗುತ್ತದೆ. ಮೂಲದ ಧ್ವನಿ ಇಲ್ಲದಿರುವಾಗ ಮೂಲಕ್ಕೆ ನಿಷ್ಠರಾಗಿರುವ ಕಷ್ಟ ಅನುವಾದಕರಿಗೆ ಚೆನ್ನಾಗಿ ಗೊತ್ತು.

ಇದನ್ನು ತೋರಿಸುವುದು ಹೇಗೆ? ಒಬ್ಬ ವೃದ್ಧರು ರೇಕಿನ ಪ್ರತಿಯನ್ನು ಓದುತ್ತಾರೆ, ಗುನುಗುತ್ತಾರೆ, ನಿಲ್ಲಿಸುತ್ತಾರೆ, ಅಳಿಸಿ ಬರೆಯುತ್ತಾರೆ. ಕ್ಯಾಮೆರಾಕ್ಕೆ ಇದರಲ್ಲಿ ಏನೂ ಇಲ್ಲ. ಕಿರುತೆರೆಗೆ ಬೇಕಾದ ಸ್ಫೂರ್ತಿಯ ಕ್ಷಣ ಇಲ್ಲಿಲ್ಲ. ಇರುವುದು ಸಂಶಯದ ಬಹಳ ದಿನಗಳು. ಅನ್ನಮಯ್ಯನ ಬದುಕು 1997ರಲ್ಲಿ ಜನಪ್ರಿಯ ಚಲನಚಿತ್ರವಾಗಿ ಮನೆಮನೆಗೆ ಬಂತು. ಅನ್ನಮಯ್ಯನಿಗೆ ಮತ್ತೆ ಸ್ವರ ಕೊಟ್ಟವರ ಬದುಕು ಅಂಥ ಕಥೆಯಾಗುವುದಿಲ್ಲ. ಕಛೇರಿಗಳಲ್ಲಿ ಕವಿಯ ಹೆಸರು ಹೇಳುತ್ತಾರೆ, ರಾಗ ಹೇಳುತ್ತಾರೆ, ಧಾಟಿ ಕಟ್ಟಿದವರ ಹೆಸರನ್ನು ಅಪರೂಪಕ್ಕೆ ಹೇಳುತ್ತಾರೆ. ಅನುವಾದಕರ ಹೆಸರನ್ನು ಮುಖಪುಟದಲ್ಲಿ ಬಿಡುವ ಪ್ರಕಾಶಕರಂತೆ. (ಈ ಹೋಲಿಕೆಯಲ್ಲಿ ನನ್ನ ಸ್ವಂತ ಅಸಮಾಧಾನ ಸ್ವಲ್ಪ ಬೆರೆತಿರುವುದನ್ನು ಓದುಗರು ಕ್ಷಮಿಸಬೇಕು.)

ಶಬನಂ ವಿರ್ಮಾನಿಯವರ 'ಕೋಯಿ ಸುನ್ತಾ ಹೈ' (2008) ಈ ದಿಕ್ಕಿನಲ್ಲಿ ಒಂದು ದಾರಿ ತೋರಿಸುತ್ತದೆ. ಕುಮಾರ ಗಂಧರ್ವರನ್ನು ಕುರಿತ ಈ ಚಿತ್ರ ಅವರ ಜೀವನಚರಿತ್ರೆಯಾಗಲು ಹಟ ಹಿಡಿಯುವುದಿಲ್ಲ. ಕಬೀರನ ಪದಗಳು ಮಾಳವದ ಜನಪದ ಹಾಡುಗಾರರಿಂದ ಕುಮಾರರಿಗೂ ಅವರಿಂದ ಇತರರಿಗೂ ದಾಟುವುದನ್ನು ಹಿಂಬಾಲಿಸುತ್ತದೆ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಕನ್ನಡ ಹುಡುಗ, ಕ್ಷಯರೋಗದಿಂದ ಹಾಸಿಗೆ ಹಿಡಿದು, ದೇವಾಸದಲ್ಲಿ ಪರಭಾಷೆಯ ಜನಪದ ಹಾಡು ಕೇಳುತ್ತ ಹೊಸ ಸಂಗೀತ ಕಂಡುಕೊಂಡ ಎಂಬುದೂ ಒಂದು ಗಡಿ ದಾಟಿದ ಕಥೆಯೇ. ಚಿತ್ರಕಾರ್ತಿ ಕೇಳುಗಳಾಗಿ, ತಿಳಿಯದವಳಾಗಿ ಚಿತ್ರದೊಳಗೇ ಇದ್ದಾರೆ. ಹಾಡುಗಳಿಗೆ ಹೊತ್ತು ಕೊಟ್ಟಿದ್ದಾರೆ. ಒಂದು ಹಾಡನ್ನು ವ್ಯಕ್ತಿಯಿಂದ ವ್ಯಕ್ತಿಗೆ ಹಿಂಬಾಲಿಸುವ ಈ ಕ್ರಮದಲ್ಲಿ ಶರ್ಮರ ಒಂದೇ ಒಂದು ಧಾಟಿಯನ್ನು ಹಿಂಬಾಲಿಸಿದರೆ ಮೈಸೂರಿನ ಪಾಠ, ತಿರುಪತಿಯ ರೇಕು, ಇಂದಿನ ಕಛೇರಿ ಎಲ್ಲವೂ ತಾವಾಗಿಯೇ ಬರುತ್ತವೆ. ರಾಜ್ಯ ಯಾವುದೆಂದು ಯಾರೂ ಹೇಳಬೇಕಾಗಿಲ್ಲ.

ದೂರದರ್ಶನದ ಇತಿಹಾಸದಲ್ಲಿಯೇ ಎರಡು ಭಾಷೆಯ ನೆಲಕ್ಕೆ ಒಪ್ಪುವ ಒಂದು ಸಾಧ್ಯತೆ ಮೊದಲೇ ಇತ್ತು ಎಂಬುದನ್ನು ಇಲ್ಲಿ ಹೇಳಬೇಕು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ 'ಸೈಟ್', ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರ ತಲುಪಿಸಿತು. ಕರ್ನಾಟಕ, ಆಂಧ್ರಗಳೆರಡೂ ಅದರಲ್ಲಿದ್ದವು. ಎಟಿಎಸ್–6 ಉಪಗ್ರಹದ ವ್ಯವಸ್ಥೆಯಲ್ಲಿ ಒಂದು ದೃಶ್ಯಕ್ಕೆ ಎರಡು ಧ್ವನಿವಾಹಿನಿಗಳಿದ್ದವು. ಒಂದೇ ಚಿತ್ರ, ಎರಡು ಭಾಷೆ. ಅದರ ಉದ್ದೇಶ ಆಡಳಿತದ ಅನುಕೂಲ, ಬೇಸಾಯ ಮತ್ತು ಆರೋಗ್ಯದ ಪಾಠ; ಕಲೆಯಲ್ಲ. ಅಲ್ಲಿಯೂ ಎರಡು ಭಾಷೆಗಳು ಪಕ್ಕಪಕ್ಕದಲ್ಲಿ ಹರಿದವೇ ಹೊರತು ಬೆರೆಯಲಿಲ್ಲ. ಆದರೂ ಅವ್ವನ ಹಸೆಹಾಡಿನ ನೆನಪಿನಲ್ಲಿ ಈ ತಾಂತ್ರಿಕ ವಿವರವನ್ನು ಓದಿದಾಗ ನನಗೆ ವಿಚಿತ್ರವೆನಿಸಿತು. ಐವತ್ತು ವರ್ಷಗಳ ಹಿಂದಿನ ಯಂತ್ರಕ್ಕೆ ಎರಡು ಕಿವಿಗಳಿದ್ದವು. ಇಂದಿನ ನಮ್ಮ ವಾಹಿನಿಗಳಿಗೆ ಒಂದೇ.

ವಾಹಿನಿಯವರನ್ನು ದೂರುವುದು ಸುಲಭ. ಆ ದಿನ ಬಂದಿದ್ದ ತರುಣರು ಕೆಟ್ಟವರೇನಲ್ಲ. ಸಂಜೆಯೊಳಗೆ ಇನ್ನೆರಡು ಊರು ಮುಗಿಸಬೇಕಿತ್ತು, ಊಟವೂ ಆಗಿರಲಿಲ್ಲ. ಪ್ರಸಾರವಾದ ಮೇಲೆ ಪೂರ್ತಿ ಚಿತ್ರೀಕರಣದ ಪ್ರತಿ ಕೊಡಿರೆಂದು ಮನೆಯವರ ಪರವಾಗಿ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಆಗ ನನ್ನ ಸಣ್ಣ ರೆಕಾರ್ಡರನ್ನು ಹುಡುಕಿ ತೆಗೆದೆ. ದುಭಾಷಿಯ ಕೆಲಸದ ನಡುವೆ ಅದನ್ನು ಜಗುಲಿಯ ಮೇಲೆ ಚಾಲೂ ಮಾಡಿಟ್ಟಿದ್ದೆ. ಹನ್ನೊಂದು ನಿಮಿಷದ ಮುದ್ರಣ. ಕೋಳಿ, ದೂರದಲ್ಲಿ ಬಸ್ಸಿನ ಹಾರನ್, ಅವ್ವನ ಕೆಮ್ಮು. ಹಸೆಗೆ ಕರೆಯುವ ಹಾಡು ಮೊದಲ ನುಡಿ ಮುಗಿಸಿ ಎರಡನೆಯದಕ್ಕೆ ಎತ್ತಿಕೊಳ್ಳುತ್ತದೆ. ಯಾರೋ ತೆಲುಗಿನಲ್ಲಿ ನಿಲ್ಲಿಸಲು ಹೇಳುತ್ತಾರೆ. ಎರಡು ಭಾಷೆ ಬಂದರೆ ನೋಡುವವರಿಗೆ ಗೊಂದಲವಾಗುತ್ತದೆ ಎಂಬ ಕಾರಣವೂ ಕೇಳಿಸುತ್ತದೆ. ಅವ್ವನಿಗೆ ತೆಲುಗು ಬಾರದೆ ಇರಲಿಲ್ಲ. ಆದರೂ ನನ್ನ ಕೆಲಸ ನಾನು ಮಾಡಬೇಕಲ್ಲ. ಮುಂದಿನ ಧ್ವನಿ ನನ್ನದು, ಕನ್ನಡದಲ್ಲಿ: 'ಅವ್ವಾ, ಕನ್ನಡದ್ದು ಬೇಡವಂತೆ.'

ಅವರು 'ಬೇಡವಾ?' ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಪ್ಪಗಿಂತಲು ಹಾಡು ಶುರುವಾಗುತ್ತದೆ, ಪೂರ್ತಿ ಇದೆ. ಕಳೆದ ಬೇಸಿಗೆಯಲ್ಲಿ ಅದನ್ನು ಮೊಮ್ಮಗನ ಮೊಬೈಲಿಗೆ ಹಾಕಿಕೊಟ್ಟೆ. ನನ್ನ ಮಾತಿನ ಭಾಗವನ್ನು ಕತ್ತರಿಸಬೇಕೇ ಎಂದು ಕೇಳಿದೆ. 'ಇರಲಿ ಬಿಡಣ್ಣಾ, ಅದರಲ್ಲೇ ಅವ್ವ ಬೇಡವಾ ಅಂತಾಳೆ' ಎಂದ.